ಹಿಮದ ನಡುವಿನ ಚಿತ್ರಗಾರರ ಊರು

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾನು 2004ರ ಎಸ್ಸೆಸ್ಸೆಲ್ಸಿ ಬ್ಯಾಚಿನವನು. ಇಲ್ಲಿಂದ ಪಿಯುಸಿ, ಆಮೇಲೆ ಬಿ.ಇ., ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ‘ನಿಮ್ಮ ಸಾಧನೆಯ ಹಾದಿ ಬಗ್ಗೆ ಮಕ್ಕಳಿಗೆ ನಾಲ್ಕು ಮಾತು ಹೇಳಿ’ ಎಂದು ಸಮಿತಿಯವರು ಕೇಳಿದ್ದರು. ನಿನ್ನೆಯಿಂದ ಡಾಕ್ಟರಾದವರು, ತಹಶೀಲ್ದಾರರಾದವರು, ಸೈನ್ಯಕ್ಕೆ ಸೇರಿದವರು ಮಾತನಾಡಿದ್ದಾರೆ. ಎಲ್ಲರೂ ಊರು ಬಿಟ್ಟು ಹೋಗಿ ಏನಾದರೂ ಆದವರೇ. ನಾನೂ ಆ ಸಾಲಿನವನೇ. ಅದೇ ಕಥೆಯನ್ನು ಐದನೇ ಸಲ ಹೇಳುವ ಬದಲು, ಊರು ಬಿಡದೆ ಊರಿನ ಹೆಸರನ್ನೇ ಜಗತ್ತಿಗೆ ಮುಟ್ಟಿಸಿದ ಕೆಲವರ ಕಥೆ ಹೇಳುತ್ತೇನೆ ಎಂದು ಸಮಿತಿಯವರನ್ನು ಕೇಳಿಕೊಂಡೆ. ಅವರು ದೊಡ್ಡ ಮನಸ್ಸಿನಿಂದ ಒಪ್ಪಿದರು.

ಕಂಪನಿ ಕೆಲಸಕ್ಕೆಂದು ಕೆಲವು ತಿಂಗಳು ಕೆನಡಾದ ಟೊರಾಂಟೊದಲ್ಲಿದ್ದೆ. ರಜಾ ದಿನ ಅಲ್ಲಿನ ದೊಡ್ಡ ಚಿತ್ರಶಾಲೆಗೆ ಹೋಗಿದ್ದಾಗ ಕಲ್ಲಿನಲ್ಲಿ ಕೆತ್ತಿದ ಹಿಮಕರಡಿಗಳನ್ನೂ, ಹಾಳೆಯ ಮೇಲೆ ಅಚ್ಚೊತ್ತಿದ ಹಕ್ಕಿಗಳನ್ನೂ ನೋಡಿದೆ. ಒಂದರ ಕೆಳಗೆ ಊರಿನ ಹೆಸರಿತ್ತು. ಇನ್ನೊಂದರ ಕೆಳಗೂ ಅದೇ ಊರು. ಮುಂದಿನದಕ್ಕೂ ಅದೇ. ಅದ್ಯಾವ ಊರಪ್ಪಾ ಎಂಬ ಕುತೂಹಲದಿಂದ ಓದಲು ಶುರು ಮಾಡಿದವನು ಇವತ್ತಿನವರೆಗೂ ಬಿಟ್ಟಿಲ್ಲ. ಆ ಊರಿಗೆ ನಾನು ಹೋಗಿಲ್ಲ. ಓದಿ, ಚಿತ್ರಗಳನ್ನು ನೋಡಿ ತಿಳಿದದ್ದನ್ನು ಹೇಳುತ್ತೇನೆ.

ಆ ಊರಿನ ಹೆಸರು ಕಿಂಗೈಟ್. 2020ರವರೆಗೆ ಸರ್ಕಾರಿ ಕಾಗದದಲ್ಲಿ ಅದರ ಹೆಸರು ಕೇಪ್ ಡಾರ್ಸೆಟ್ ಎಂದಿತ್ತು. ಅದು ಹೊರಗಿನವರು ಇಟ್ಟ ಹೆಸರು. ಊರಿನವರು ಮತ ಹಾಕಿ ತಮ್ಮ ಭಾಷೆಯ ಹೆಸರನ್ನೇ ವಾಪಸ್ ಪಡೆದರು. ಕಿಂಗೈಟ್ ಎಂದರೆ ಬೆಟ್ಟಗಳು ಎಂದರ್ಥ. ಕೆನಡಾದ ಉತ್ತರ ತುದಿಯಲ್ಲಿ ಬ್ಯಾಫಿನ್ ಎಂಬ ಭಾರೀ ದ್ವೀಪವಿದೆ. ಅದರ ನೈಋತ್ಯ ಅಂಚಿಗೆ ಅಂಟಿಕೊಂಡಂತೆ ಡಾರ್ಸೆಟ್ ಎಂಬ ಪುಟ್ಟ ದ್ವೀಪ. ಆ ದ್ವೀಪದಲ್ಲಿರುವುದು ಇದೊಂದೇ ಊರು. ಟೊರಾಂಟೊದಿಂದ ಎರಡು ಸಾವಿರ ಕಿಲೋಮೀಟರಿಗೂ ದೂರ. ರಸ್ತೆ ಇಲ್ಲ. ವಿಮಾನದಲ್ಲಿ ಹೋಗಬೇಕು, ಇಲ್ಲವೇ ಬೇಸಿಗೆಯಲ್ಲಿ ಹಿಮ ಕರಗಿದಾಗ ಬರುವ ಹಡಗಿಗೆ ಕಾಯಬೇಕು. ಅಲ್ಲಿ ಮರ ಬೆಳೆಯುವುದಿಲ್ಲ. ಜನಸಂಖ್ಯೆ ಸುಮಾರು 1,400. ನಮ್ಮ ಪಂಚಾಯಿತಿಯ ಎರಡು ಹಳ್ಳಿ ಸೇರಿಸಿದರೆ ಅದಕ್ಕಿಂತ ಹೆಚ್ಚು ಜನ ಸಿಗುತ್ತಾರೆ.

ನಾವು ಸಮಾಜ ಪಾಠದಲ್ಲಿ ‘ಎಸ್ಕಿಮೋ’ ಎಂದು ಓದಿದ್ದೆವಲ್ಲ, ಅವರೇ ಈ ಜನ. ಅವರು ತಮ್ಮನ್ನು ಕರೆದುಕೊಳ್ಳುವುದು ಇನುಯಿಟ್ ಎಂದು. ನಾವೂ ಹಾಗೇ ಕರೆಯೋಣ. ಇಗ್ಲೂ ಎಂಬ ಹಿಮದ ಮನೆಯ ಚಿತ್ರ ಬರೆದು ನಾವು ಎರಡು ಅಂಕ ತೆಗೆದುಕೊಂಡಿದ್ದೆವು. ಆ ಹಿಮದ ಮನೆಯಲ್ಲಿ ನಿಜವಾಗಿ ಹುಟ್ಟಿ ಬೆಳೆದವರು ಬರೆದ ಚಿತ್ರ ಹೇಗಿರುತ್ತದೆ ಎಂಬುದು ನಮ್ಮ ಪುಸ್ತಕದಲ್ಲಿ ಇರಲಿಲ್ಲ.

ಅವರು ತಲೆತಲಾಂತರದಿಂದ ಬೇಟೆಗಾರರು. ಸೀಲ್ ಎಂಬ ಕಡಲ ಪ್ರಾಣಿ, ವಾಲ್ರಸ್, ಕ್ಯಾರಿಬೂ ಜಿಂಕೆ, ಮೀನು, ಹಕ್ಕಿ, ಇವೇ ಬದುಕು. ಚಳಿಗಾಲದಲ್ಲಿ ಹಿಮದ ಮನೆ, ಬೇಸಿಗೆಯಲ್ಲಿ ಚರ್ಮದ ಡೇರೆ, ಪ್ರಯಾಣಕ್ಕೆ ನಾಯಿಗಳು ಎಳೆಯುವ ಜಾರುಬಂಡಿ. ಗಂಡಸರು ಬೇಟೆ ತಂದರೆ ಹೆಂಗಸರು ಅದರ ಚರ್ಮ ಹದಮಾಡಿ ಬಟ್ಟೆ, ಬೂಟು ಹೊಲಿಯುತ್ತಿದ್ದರು. ಹೊಲಿಗೆ ಸಡಿಲವಾದರೆ ನೀರು ಒಳಗೆ ಬಂದು ಬೇಟೆಗಾರ ಚಳಿಯಲ್ಲಿ ಸಾಯಬೇಕು. ಅಂಥ ಹೊಲಿಗೆ ಅದು.

1913ರಲ್ಲಿ ಹಡ್ಸನ್ಸ್ ಬೇ ಕಂಪನಿ ಅಲ್ಲೊಂದು ವ್ಯಾಪಾರದ ಕೋಠಿ ತೆರೆಯಿತು. ನರಿಯ ತುಪ್ಪಳ ಕೊಟ್ಟರೆ ಬಂದೂಕು, ಚಹಾ, ಹಿಟ್ಟು, ಸಕ್ಕರೆ. ಜನ ಆ ವ್ಯಾಪಾರಕ್ಕೆ ಒಗ್ಗಿಕೊಂಡರು. 1940ರ ದಶಕದ ಕೊನೆಗೆ ತುಪ್ಪಳದ ಬೆಲೆ ಬಿದ್ದುಹೋಯಿತು. ಕೊಬ್ಬರಿ, ರೇಷ್ಮೆ ಗೂಡಿನ ಬೆಲೆ ಬಿದ್ದ ವರ್ಷ ನೋಡಿದ ನಮ್ಮ ಹಿರಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ಜೊತೆಗೆ ಕ್ಷಯರೋಗ ಹಬ್ಬಿತು. ರೋಗಿಗಳನ್ನು ದಕ್ಷಿಣದ ಆಸ್ಪತ್ರೆಗಳಿಗೆ ವರ್ಷಗಟ್ಟಲೆ ಒಯ್ಯುತ್ತಿದ್ದರು. ಚದುರಿದ ಬಿಡಾರಗಳನ್ನು ಬಿಟ್ಟು ಜನ ಒಂದೇ ಊರಿಗೆ ಬಂದು ನೆಲೆಸಬೇಕಾಯಿತು. ಅವರ ಜಾರುಬಂಡಿ ನಾಯಿಗಳನ್ನು ಕೊಲ್ಲಲಾಯಿತು. ಆ ಕಾಲದಲ್ಲಿ ಆ ಪ್ರದೇಶದ ಜನರನ್ನು ನಡೆಸಿಕೊಂಡ ರೀತಿಗೆ ಕೆನಡಾ ಸರ್ಕಾರ 2019ರಲ್ಲಿ ಕ್ಷಮೆ ಕೇಳಿತು. ಸರ್ಕಾರಿ ದಾಖಲೆಯಲ್ಲಿ ಪ್ರತಿಯೊಬ್ಬರಿಗೂ ಒಂದೊಂದು ನಂಬರು ಕೊಟ್ಟು, ಆ ನಂಬರಿನ ಬಿಲ್ಲೆಯನ್ನು ಇಟ್ಟುಕೊಳ್ಳಬೇಕೆಂದು ಹೇಳಿದ್ದ ಕಾಲವೂ ಅದೇ. ಮನುಷ್ಯರಿಗೆ ಹೆಸರಿದ್ದೂ ನಂಬರಿನಿಂದ ಗುರುತಿಸುವ ಪದ್ಧತಿ. ಈ ನಂಬರಿನ ವಿಷಯ ನೆನಪಿಡಿ, ಮುಂದೆ ಬೇಕಾಗುತ್ತದೆ.

ಇಂಥ ಹೊತ್ತಿನಲ್ಲಿ ಜೇಮ್ಸ್ ಹ್ಯೂಸ್ಟನ್ ಎಂಬ ಚಿತ್ರಕಲಾವಿದ ಆ ಕಡೆಗೆ ಬಂದರು. 1948ರಲ್ಲಿ ಮೊದಲ ಸಲ ಉತ್ತರಕ್ಕೆ ಹೋದಾಗ ಇನುಯಿಟ್ ಜನ ಕೆತ್ತಿದ ಸಣ್ಣ ಕಲ್ಲಿನ ಗೊಂಬೆಗಳನ್ನು ನೋಡಿ ಬೆರಗಾದರು. ಆ ಕೆತ್ತನೆಗಳು 1949ರಲ್ಲಿ ಮಾಂಟ್ರಿಯಲ್ ನಗರದಲ್ಲಿ ಮಾರಾಟವಾದವು. ಕೆಲವು ವರ್ಷಗಳಲ್ಲಿ ಹ್ಯೂಸ್ಟನ್ ಕಿಂಗೈಟ್‌ಗೇ ಬಂದು ನೆಲೆಸಿದರು.

1957ರ ಚಳಿಗಾಲದಲ್ಲಿ ನಡೆದದ್ದು ಎಂದು ಅವರೇ ಹೇಳಿಕೊಂಡ ಒಂದು ಪ್ರಸಂಗವಿದೆ. ಒಸುಯಿಟೊಕ್ ಇಪೀಲಿ ಎಂಬ ನಿಪುಣ ಶಿಲ್ಪಿ ಹ್ಯೂಸ್ಟನ್ ಮನೆಯಲ್ಲಿ ಕೂತು ಎರಡು ಸಿಗರೇಟು ಪ್ಯಾಕುಗಳನ್ನು ಹೊರಳಿಸಿ ನೋಡುತ್ತಿದ್ದರಂತೆ. ಎರಡರ ಮೇಲೂ ಒಬ್ಬ ನಾವಿಕನ ತಲೆಯ ಚಿತ್ರ, ಒಂದಿಷ್ಟೂ ವ್ಯತ್ಯಾಸವಿಲ್ಲ. ಇದೇ ತಲೆಯನ್ನು ಪ್ರತಿ ಪ್ಯಾಕಿನ ಮೇಲೂ ಕೂತು ಬರೆಯುವವನಿಗೆ ಎಷ್ಟು ಬೇಸರವಾಗುತ್ತದೋ ಎಂದು ಅವರು ಮರುಕಪಟ್ಟರಂತೆ. ಅಚ್ಚು ಎಂದರೇನು ಎಂದು ಮಾತಿನಲ್ಲಿ ಹೇಳಲಾಗದೆ ಹ್ಯೂಸ್ಟನ್, ಒಸುಯಿಟೊಕ್ ಅವರೇ ಗೆರೆ ಕೊರೆದಿದ್ದ ವಾಲ್ರಸ್ ದಂತಕ್ಕೆ ಮಸಿ ಬಳಿದು, ಅದರ ಮೇಲೆ ತೆಳು ಕಾಗದ ಒತ್ತಿ ತೆಗೆದು ತೋರಿಸಿದರು. ಒಸುಯಿಟೊಕ್ ನೋಡಿ, ಇದನ್ನು ನಾವೂ ಮಾಡಬಹುದು ಎಂದರಂತೆ. ನಮ್ಮ ಮಕ್ಕಳು ಬೆಂಡೆಕಾಯಿ ಕತ್ತರಿಸಿ, ಬಣ್ಣದಲ್ಲಿ ಅದ್ದಿ ಹಾಳೆಯ ಮೇಲೆ ಒತ್ತುತ್ತಾರಲ್ಲ, ತತ್ತ್ವ ಅದೇ. ಅವರಿಗೆ ಬೆಂಡೆಕಾಯಿ ಇಲ್ಲ, ಮರವೂ ಇಲ್ಲ. ಇದ್ದದ್ದು ಕಲ್ಲು.

ಹ್ಯೂಸ್ಟನ್ ಜಪಾನಿಗೆ ಹೋಗಿ ಉನಿಚಿ ಹಿರಾತ್ಸುಕಾ ಎಂಬ ಹಿರಿಯ ಕಲಾವಿದರ ಬಳಿ ಸುಮಾರು ಮೂರು ತಿಂಗಳು ಮರದ ಅಚ್ಚಿನ ವಿದ್ಯೆ ಕಲಿತು ಬಂದರು. ಕಲಿತದ್ದನ್ನು ಕಿಂಗೈಟ್‌ನ ಯುವಕರಿಗೆ ಹೇಳಿಕೊಟ್ಟರು. ಆ ಯುವಕರು ಅದನ್ನು ತಮ್ಮ ಕಲ್ಲಿಗೆ ಹೊಂದಿಸಿಕೊಂಡರು. ಚಪ್ಪಟೆ ಕಲ್ಲಿನ ಮೇಲೆ ಚಿತ್ರ ಇಳಿಸಿ, ಬೇಡದ ಭಾಗ ಕೆತ್ತಿ ತೆಗೆದು, ಉಳಿದ ಉಬ್ಬಿಗೆ ಮಸಿ ಬಳಿದು, ಮೇಲೆ ತೆಳು ಕಾಗದ ಹಾಸಿ ಕೈಯಿಂದ ಉಜ್ಜಿ ತೆಗೆಯುವುದು. ಒಂದು ಚಿತ್ರಕ್ಕೆ ಸಾಮಾನ್ಯವಾಗಿ 50 ಪ್ರತಿ ಮಾತ್ರ. ಆಮೇಲೆ ಕಲ್ಲಿನ ಮುಖ ಉಜ್ಜಿ ಅಳಿಸಿಬಿಡುತ್ತಾರೆ. 1959ರಲ್ಲಿ ಮೊದಲ ಸಂಗ್ರಹ ಹೊರಬಂತು. ಅಂದಿನಿಂದ ವರ್ಷಕ್ಕೊಂದು ಸಂಗ್ರಹ ತರುವ ಪದ್ಧತಿ ಬೆಳೆದುಬಂದಿದೆ.

ಇಲ್ಲಿಯವರೆಗಿನ ಕಥೆ ಕೇಳಿದರೆ, ಹೊರಗಿನಿಂದ ಬಂದ ಒಬ್ಬ ಪುಣ್ಯಾತ್ಮ ಎಲ್ಲ ಮಾಡಿದ ಎನಿಸಬಹುದು. ಹ್ಯೂಸ್ಟನ್ 1962ರಲ್ಲಿ ಊರು ಬಿಟ್ಟರು. ಅವರು ಹೋದಮೇಲೂ ಕೆಲಸ ಅರವತ್ತು ವರ್ಷ ನಡೆದಿದೆ. ನಡೆಸಿದ್ದು ಏನು ಎಂಬುದೇ ನಾನು ಇವತ್ತು ಹೇಳಬೇಕೆಂದಿರುವ ಮುಖ್ಯ ವಿಷಯ.

ನಡೆಸಿದ್ದು ಒಂದು ಸಹಕಾರ ಸಂಘ. 1959ರಲ್ಲೇ ಊರಿನವರು ವೆಸ್ಟ್ ಬ್ಯಾಫಿನ್ ಸಹಕಾರ ಸಂಘ ಕಟ್ಟಿಕೊಂಡರು. ಕನಂಗಿನಾಕ್ ಪೂಟೂಗುಕ್ ಎಂಬ ಕಲಾವಿದರೇ ಅನೇಕ ವರ್ಷ ಅದರ ಅಧ್ಯಕ್ಷರಾಗಿದ್ದರು. 1960ರಲ್ಲಿ ಬಂದ ಟೆರ್ರಿ ರಯಾನ್ ಎಂಬ ಇನ್ನೊಬ್ಬ ಕಲಾವಿದ ದಶಕಗಳ ಕಾಲ ವ್ಯವಸ್ಥಾಪಕರಾಗಿ ದುಡಿದರು. ಸಹಕಾರ ಸಂಘ ಎಂದರೆ ನಮಗೆ ಹೊಸದಲ್ಲ. 1905ರಲ್ಲೇ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಕೃಷಿ ಸಹಕಾರ ಸಂಘ ಶುರುವಾದ ನಾಡು ನಮ್ಮದು. ನಮ್ಮೂರಿನ ಡೈರಿಯನ್ನೇ ತೆಗೆದುಕೊಳ್ಳಿ. ಬೆಳಿಗ್ಗೆ ಆರಕ್ಕೆ ಕ್ಯಾನು ಹಿಡಿದು ಸಾಲು ನಿಲ್ಲುತ್ತೇವೆ. ಹತ್ತು ಲೀಟರ್ ತಂದವರದ್ದೂ ಅಳೆಯುತ್ತಾರೆ, ಅರ್ಧ ಲೀಟರ್ ತಂದ ಅಜ್ಜಿಯದ್ದೂ ಅಳೆಯುತ್ತಾರೆ. ‘ನೀನು ದೊಡ್ಡ ಗೌಡನೋ, ನಿನ್ನ ಹಸು ಪ್ರಸಿದ್ಧವೋ’ ಎಂದು ಯಾರೂ ಕೇಳುವುದಿಲ್ಲ.

ಕಿಂಗೈಟ್‌ನಲ್ಲಿ ನಡೆದದ್ದೂ ಹೀಗೆಯೇ. ಸಂಘ ಹಾಳೆ, ಪೆನ್ಸಿಲು ಕೊಡುತ್ತಿತ್ತು. ಯಾರು ಕೇಳಿದರೆ ಅವರಿಗೆ. ಬೇಟೆಗಾರನಿಗೆ, ವಿಧವೆಗೆ, ಮುದುಕರಿಗೆ, ಮೊಮ್ಮಕ್ಕಳಿಗೆ. ‘ನೀವು ಕಲಾವಿದರೇ’ ಎಂದು ಕೇಳುತ್ತಿರಲಿಲ್ಲ. ಮನೆಗೆ ಒಯ್ದು ಬರೆದು ತಂದರೆ ಬಹುಪಾಲು ಚಿತ್ರಗಳನ್ನು ದುಡ್ಡು ಕೊಟ್ಟು ಕೊಳ್ಳುತ್ತಿದ್ದರು. ಹಾಗೆ ಕೊಂಡ ಸಾವಿರಾರು ಚಿತ್ರಗಳಲ್ಲಿ ವರ್ಷಕ್ಕೆ ಕೆಲವು ಹತ್ತು ಮಾತ್ರ ಅಚ್ಚಿಗೆ ಹೋಗುತ್ತಿದ್ದವು. ಉಳಿದವನ್ನು ಎಸೆಯಲಿಲ್ಲ, ಜೋಪಾನ ಮಾಡಿದರು. ಸುಮಾರು 90,000 ಚಿತ್ರಗಳ ಆ ಭಂಡಾರ ಈಗ ಟೊರಾಂಟೊ ಬಳಿಯ ಮೆಕ್‌ಮೈಕಲ್ ಕಲಾಸಂಗ್ರಹಾಲಯದಲ್ಲಿದೆ. ಅವುಗಳನ್ನು ಕಂಪ್ಯೂಟರಿಗೆ ಏರಿಸಿ, ಊರಿನ ಮೊಮ್ಮಕ್ಕಳೂ ನೋಡುವಂತೆ ಮಾಡುವ ಕೆಲಸ ನಡೆದಿದೆ. ನಮ್ಮಂಥ ಸಾಫ್ಟ್‌ವೇರ್‌ನವರಿಂದ ಆಗುವ ಒಳ್ಳೆಯ ಕೆಲಸಗಳಲ್ಲಿ ಇದೂ ಒಂದು ಎಂದು ಓದಿದಾಗ ನನಗೆ ಸಂತೋಷವಾಯಿತು.

ಇನ್ನೊಂದು ವಿಷಯ ಗಮನಿಸಿ. ಚಿತ್ರ ಬರೆಯುವವರು ಒಬ್ಬರು, ಕಲ್ಲು ಕೆತ್ತಿ ಅಚ್ಚು ತೆಗೆಯುವವರು ಇನ್ನೊಬ್ಬರು. ಮೊದಲಿನ ಅಚ್ಚುಗಳ ಅಂಚಿನಲ್ಲಿ ಚಿತ್ರ ಬರೆದವರ ಮುದ್ರೆ, ಕಲ್ಲು ಕೆತ್ತಿದವರ ಮುದ್ರೆ, ಜೊತೆಗೆ ಸಂಘದ ಇಗ್ಲೂ ಗುರುತು, ಮೂರೂ ಇರುತ್ತಿದ್ದವು. ಹೆಸರು ಅವರದೇ ಭಾಷೆಯ ಲಿಪಿಯಲ್ಲಿ. ಆಗ ನಂಬರಿನ ಮಾತು ಹೇಳಿದ್ದೆ. ಸರ್ಕಾರಿ ದಾಖಲೆಯಲ್ಲಿ ನಂಬರಾಗಿದ್ದ ಜನ ಈ ಹಾಳೆಯ ಮೇಲೆ ತಮ್ಮ ಲಿಪಿಯಲ್ಲಿ ತಮ್ಮ ಹೆಸರು ಒತ್ತಿದರು. ಅದು ಸಣ್ಣ ವಿಷಯವಲ್ಲ.

ಈಗ ಆ ಹಾಳೆ ತೆಗೆದುಕೊಂಡು ಹೋದವರಲ್ಲಿ ಮೂರು ನಾಲ್ಕು ಜನರ ಪರಿಚಯ ಮಾಡಿಕೊಡುತ್ತೇನೆ. ಎಲ್ಲರೂ ಹೆಂಗಸರೇ ಎಂಬುದನ್ನು ತಾಯಂದಿರು ಗಮನಿಸಬೇಕು.

ಮೊದಲನೆಯವರು ಪಿಟ್ಸಿಯೊಲಾಕ್ ಅಶೂನಾ. ಹುಟ್ಟಿದ್ದು 1904ರ ಆಸುಪಾಸಿನಲ್ಲಿ. ಹದಿನೇಳು ಮಕ್ಕಳನ್ನು ಹೆತ್ತವರು, ಹಲವು ಮಕ್ಕಳನ್ನು ಚಿಕ್ಕಂದಿನಲ್ಲೇ ಕಳೆದುಕೊಂಡವರು. ಬೇಟೆಗಾರ ಗಂಡ ಕಾಯಿಲೆಯಿಂದ ತೀರಿಕೊಂಡಮೇಲೆ ಬಡತನ, ಹಸಿವು. ಮೊದಲು ಬಟ್ಟೆ ಹೊಲಿದು ಸಂಘಕ್ಕೆ ಮಾರುತ್ತಿದ್ದರು. ಚಿತ್ರ ಬರೆದರೂ ದುಡ್ಡು ಕೊಡುತ್ತಾರೆಂದು ತಿಳಿದಾಗ ಹಾಳೆ ತಂದು ಕೂತರು. ಆಗ ಅವರಿಗೆ ಐವತ್ತು ದಾಟಿತ್ತು. ಅಲ್ಲಿಂದ 1983ರಲ್ಲಿ ತೀರಿಕೊಳ್ಳುವವರೆಗೆ ಏಳು ಸಾವಿರಕ್ಕೂ ಹೆಚ್ಚು ಚಿತ್ರ ಬರೆದರು. ಏನು ಬರೆದರು? ಡೇರೆ ಕಟ್ಟುವುದು, ಹಕ್ಕಿಗೆ ಬಲೆ ಬೀಸುವುದು, ಮಗುವನ್ನು ಬೆನ್ನಿಗೆ ಹಾಕಿಕೊಂಡು ವಲಸೆ ಹೋಗುವುದು, ಮಕ್ಕಳ ಆಟ. ಕಣ್ಣೆದುರೇ ಮಾಯವಾಗುತ್ತಿದ್ದ ಬದುಕನ್ನು ನೆನಪಿನಿಂದ ಎತ್ತಿ ಹಾಳೆಯಲ್ಲಿಟ್ಟರು. ಅವರ ಹೆಣ್ಣುಮಗಳು, ಗಂಡುಮಕ್ಕಳು, ಮೊಮ್ಮಕ್ಕಳು, ಹೀಗೆ ಒಂದು ವಂಶವೇ ಕಲಾವಿದರದ್ದಾಯಿತು. ಸ್ಫೂರ್ತಿ ಎಂದರೆ ಆಕಾಶದಿಂದ ಇಳಿಯುವುದು ಎಂದು ನಾವು ಅಂದುಕೊಳ್ಳುತ್ತೇವೆ. ಈ ತಾಯಿಗೆ ಮೊದಲ ಸ್ಫೂರ್ತಿ ಮಕ್ಕಳ ಹೊಟ್ಟೆ ತುಂಬಿಸುವುದು. ಅದರಿಂದ ಚಿತ್ರದ ಗೌರವವೇನೂ ಕಡಿಮೆಯಾಗಲಿಲ್ಲ. 1977ರಲ್ಲಿ ದೇಶದ ದೊಡ್ಡ ನಾಗರಿಕ ಗೌರವವಾದ ಆರ್ಡರ್ ಆಫ್ ಕೆನಡಾ ಅವರಿಗೆ ಬಂತು.

ಎರಡನೆಯವರು ಕೆನೊಜುವಾಕ್ ಅಶೆವಾಕ್. 1927ರಲ್ಲಿ ಹಿಮದ ಮನೆಯಲ್ಲಿ ಹುಟ್ಟಿದರು. ಚಿಕ್ಕ ಹುಡುಗಿಯಾಗಿದ್ದಾಗಲೇ ತಂದೆಯ ಕೊಲೆಯಾಯಿತು. ಅಜ್ಜಿ ಚರ್ಮ ಕತ್ತರಿಸಿ ಹೊಲಿಯುವುದನ್ನು ಕಲಿಸಿದರು. ಮದುವೆಯಾಗಿ ಮಕ್ಕಳಾದಮೇಲೆ ಕ್ಷಯರೋಗ ಅಂಟಿತು. 1952ರಲ್ಲಿ ಕ್ವಿಬೆಕ್ ನಗರದ ಆಸ್ಪತ್ರೆಗೆ ಒಯ್ದರು. ಮೂರು ವರ್ಷಕ್ಕೂ ಹೆಚ್ಚು ಕಾಲ ಅಲ್ಲೇ. ಅವರು ಅಲ್ಲಿರುವಾಗಲೇ ಊರಿನಲ್ಲಿ ಮಕ್ಕಳು ತೀರಿಕೊಂಡರು. ಆ ಆಸ್ಪತ್ರೆಯಲ್ಲೇ ಗೊಂಬೆ ಮಾಡುವುದು, ಮಣಿ ಪೋಣಿಸುವುದನ್ನು ಕಲಿತು ದಿನ ಕಳೆದರು.

ಊರಿಗೆ ಮರಳಿದ ಮೇಲೆ ಸೀಲ್ ಚರ್ಮದ ಚೀಲವೊಂದಕ್ಕೆ ಚರ್ಮದ ತುಂಡಿನ ವಿನ್ಯಾಸ ಹಚ್ಚಿದ್ದರು. ಅವರ ಮೊದಲ ಅಚ್ಚುಚಿತ್ರ ಹುಟ್ಟಿದ್ದು ಆ ಚೀಲದ ವಿನ್ಯಾಸದಿಂದ. ಕಪ್ಪು ಚರ್ಮದ ಪಕ್ಕ ಬಿಳಿ ಚರ್ಮ ಕತ್ತರಿಸಿ ಜೋಡಿಸುವ ಕೈಗೆ ಆಕಾರ ಎಂದರೇನು ಎಂದು ಬೇರೆ ಹೇಳಿಕೊಡಬೇಕಾಗಲಿಲ್ಲ. ನಮ್ಮ ಅಜ್ಜಿಯಂದಿರು ಹಳೇ ಸೀರೆಯ ತುಂಡು ಜೋಡಿಸಿ ಕೌದಿ ಹೊಲಿಯುತ್ತಿದ್ದುದನ್ನು ನೆನಪಿಸಿಕೊಳ್ಳಿ. ಯಾವ ಬಣ್ಣದ ಪಕ್ಕ ಯಾವ ಬಣ್ಣ ಎಂದು ಅವರಿಗೆ ಯಾವ ಶಾಲೆ ಕಲಿಸಿತ್ತು?

1960ರಲ್ಲಿ ಕೆನೊಜುವಾಕ್ ಒಂದು ಗೂಬೆ ಬರೆದರು. ತಲೆಯಿಂದ ಸೂರ್ಯನ ಕಿರಣದಂತೆ ಗರಿಗಳು ಚಿಮ್ಮುವ ಗೂಬೆ. ‘ಮಾಯೆಯ ಗೂಬೆ’ ಎನ್ನಬಹುದು ಅದರ ಹೆಸರನ್ನು. ನಮ್ಮಲ್ಲಿ ಗೂಬೆ ಎಂದರೆ ಬೈಗುಳ. ಮನೆ ಮೇಲೆ ಕೂತರೆ ಅಪಶಕುನ ಎನ್ನುತ್ತೇವೆ. ಆ ಗೂಬೆ 1970ರಲ್ಲಿ ಕೆನಡಾದ ಅಂಚೆ ಚೀಟಿಯ ಮೇಲೆ ಕೂತಿತು! ಅದರ 50 ಪ್ರತಿಗಳಲ್ಲಿ ಒಂದು 2018ರಲ್ಲಿ ಎರಡು ಲಕ್ಷ ಡಾಲರಿಗೂ ಹೆಚ್ಚು ಬೆಲೆಗೆ ಹರಾಜಾಯಿತು. 2017ರ ವಿಶೇಷ ಹತ್ತು ಡಾಲರ್ ನೋಟಿನ ಮೇಲೂ ಅವರ ಇನ್ನೊಂದು ಗೂಬೆಯಿದೆ. ಇದರ ಅರ್ಥವೇನು ಎಂದು ಕೇಳಿದವರಿಗೆ ಅವರು ದೊಡ್ಡ ಪುರಾಣ ಹೇಳುತ್ತಿರಲಿಲ್ಲ. ಮನಸ್ಸಿಗೆ ಬಂದದ್ದನ್ನು ಹಾಳೆ ಮೇಲೆ ಚೆಂದ ಕಾಣುವಂತೆ ಮಾಡುತ್ತೇನೆ ಎಂಬುದೇ ಅವರ ಮಾತಿನ ಸಾರ. 1966ರಲ್ಲಿ ಅವರ ಕುಟುಂಬ ಬಿಡಾರ ಬಿಟ್ಟು ಕಿಂಗೈಟ್‌ಗೆ ಬಂದು ನೆಲೆಸಿತು. ಕಾರಣ, ಮಕ್ಕಳು ಶಾಲೆಗೆ ಹೋಗಲಿ ಎಂದು. ಈ ಸಭೆಯಲ್ಲಿರುವ ಅನೇಕ ತಂದೆತಾಯಿ ತೋಟದ ಮನೆ ಬಿಟ್ಟು ಊರೊಳಗೆ ಬಂದದ್ದೂ ಅದಕ್ಕೇ ಅಲ್ಲವೇ? 2013ರಲ್ಲಿ ತೀರಿಕೊಳ್ಳುವವರೆಗೂ ಅವರು ಆ ಊರಲ್ಲೇ ಇದ್ದರು. 2018ರಲ್ಲಿ ಊರು ಹೊಸ ಸಾಂಸ್ಕೃತಿಕ ಕೇಂದ್ರ ಮತ್ತು ಅಚ್ಚುಮನೆ ಕಟ್ಟಿ ಅದಕ್ಕೆ ಅವರ ಹೆಸರಿಟ್ಟಿತು.

ಮೂರನೆಯವರು ಆನಿ ಪೂಟೂಗುಕ್, ಪಿಟ್ಸಿಯೊಲಾಕ್ ಅವರ ಮೊಮ್ಮಗಳು. ತಾಯಿ ನಪಾಚಿ ಕೂಡ ಚಿತ್ರಗಾರ್ತಿ. ಹೆಂಗಸರ ಮೇಲೆ ನಡೆಯುತ್ತಿದ್ದ ದೌರ್ಜನ್ಯವನ್ನೂ ಮುಚ್ಚಿಡದೆ ಬರೆದವರು. ಆನಿ ಹುಟ್ಟಿದ್ದು 1969ರಲ್ಲಿ. ಹಿಮದ ಮನೆ, ನಾಯಿ ಬಂಡಿ ಅವರ ಕಾಲಕ್ಕೆ ಹೋಗಿದ್ದವು. ದಕ್ಷಿಣದಲ್ಲಿ ಚಿತ್ರ ಕೊಳ್ಳುವ ಜನಕ್ಕೆ ಮಾತ್ರ ಹಿಮಕರಡಿ, ಗೂಬೆ, ಹಳೇ ಬೇಟೆಯ ಚಿತ್ರವೇ ಇಷ್ಟ. ಆನಿ ಕಂಡದ್ದನ್ನು ಬರೆದರು. ಟಿವಿ ಮುಂದೆ ಕೂತ ಮನೆಮಂದಿ, ಗೋಡೆ ಗಡಿಯಾರ, ನೆಲದ ಮೇಲೆ ಕೂತು ಮಾಂಸ ಹಂಚಿ ತಿನ್ನುವುದು, ಪಂಪ್ ಹೊಡೆಯುವ ಸ್ಟವ್ ಮತ್ತು ಹಿಟ್ಟಿನ ಚೀಲ. ಕುಡಿತ, ಹೆಂಡತಿಯನ್ನು ಹೊಡೆಯುವ ಗಂಡ, ಇದನ್ನೂ ಬರೆದರು. ಹಾಗೆ ಬರೆದದ್ದನ್ನೂ ಸಂಘ ಕೊಂಡಿತು. ಅದೇ ಮುಖ್ಯ. 2006ರಲ್ಲಿ, ಆಗ ಕೆನಡಾದ ಯುವ ಕಲಾವಿದರಿಗೆ ಕೊಡುತ್ತಿದ್ದ ಸೋಬಿ ಪ್ರಶಸ್ತಿ ಅವರಿಗೆ ಬಂತು, 50,000 ಡಾಲರ್. ಮರುವರ್ಷ ಜರ್ಮನಿಯ ಪ್ರಸಿದ್ಧ ಕಲಾಮೇಳದಲ್ಲಿ ಅವರ ಚಿತ್ರಗಳು ತೂಗಿದವು.

ಇಲ್ಲಿಗೆ ನಿಲ್ಲಿಸಿದರೆ ಸಿನಿಮಾ ಕಥೆಯಾಗುತ್ತದೆ. ಆನಿ ಊರು ಬಿಟ್ಟು ರಾಜಧಾನಿ ಒಟ್ಟಾವಾಕ್ಕೆ ಹೋದರು. ಅಲ್ಲಿ ಬದುಕು ಕುಸಿಯಿತು. ಮನೆಯಿಲ್ಲದೆ ದಿನ ಕಳೆದರು, ಬೀದಿಯಲ್ಲಿ ಚಿತ್ರ ಬರೆದು ಮಾರಿದರು. 2016ರ ಸೆಪ್ಟೆಂಬರಿನಲ್ಲಿ ಅವರ ದೇಹ ನದಿಯಲ್ಲಿ ಸಿಕ್ಕಿತು. ಆಗ ಅವರಿಗೆ 47ರ ಸುಮಾರು ವಯಸ್ಸು. ಪ್ರಶಸ್ತಿ, ಪತ್ರಿಕೆಯ ಫೋಟೋ, ಚಪ್ಪಾಳೆ, ಇವು ಯಾವುವೂ ಅವರನ್ನು ಹಿಡಿದು ನಿಲ್ಲಿಸಲಿಲ್ಲ. ಆ ದ್ವೀಪದ ಮೇಲೆ ಕುಡಿತ, ಮನೆಗಳ ಕೊರತೆ, ಕೆಲಸವಿಲ್ಲದ ಯುವಕರು, ಎಲ್ಲ ಇವೆ. ಕಲೆ ಊರಿನ ಎಲ್ಲ ಕಷ್ಟ ತೀರಿಸುತ್ತದೆ ಎಂದು ನಾನು ಹೇಳಿದರೆ ನಿಮಗೆ ಸುಳ್ಳು ಹೇಳಿದಂತೆ. ಅದು ದುಡಿಮೆಗೆ ಒಂದು ದಾರಿ ಕೊಟ್ಟಿತು, ತಮ್ಮ ಬದುಕನ್ನು ತಾವೇ ಹೇಳಿಕೊಳ್ಳುವ ಬಾಯಿ ಕೊಟ್ಟಿತು. ಅಷ್ಟು ಹೇಳಬಹುದು.

ಆನಿಯ ಜೊತೆ ಕಥೆ ಮುಗಿಯಲಿಲ್ಲ. ಅವರ ಸಂಬಂಧಿ ಶುವಿನಾಯ್ ಅಶೂನಾ, ಪಿಟ್ಸಿಯೊಲಾಕ್ ಅವರ ಇನ್ನೊಬ್ಬ ಮೊಮ್ಮಗಳು, ಕಿಂಗೈಟ್‌ನಲ್ಲೇ ಇದ್ದು ಬರೆಯುತ್ತಿದ್ದಾರೆ. ಅವರ ಹಾಳೆಯಲ್ಲಿ ಊರಿನ ಮನೆಗಳ ಜೊತೆ ವಿಚಿತ್ರ ಪ್ರಾಣಿಗಳು, ಭೂಮಿಯ ಗೋಳ, ಆಕ್ಟೋಪಸ್ ಎಲ್ಲ ಸೇರಿಕೊಳ್ಳುತ್ತವೆ. 2022ರ ವೆನಿಸ್ ಕಲಾಮೇಳದಲ್ಲಿ ತೀರ್ಪುಗಾರರು ಅವರ ಕೆಲಸವನ್ನು ವಿಶೇಷವಾಗಿ ಉಲ್ಲೇಖಿಸಿದರು. ಗಂಡಸರಲ್ಲಿ ಟಿಮ್ ಪಿಟ್ಸಿಯುಲಾಕ್ ಎಂಬುವರಿದ್ದರು. ತಿಮಿಂಗಿಲವನ್ನು ಎಷ್ಟು ಪ್ರೀತಿಯಿಂದ ಬರೆಯುತ್ತಿದ್ದರೋ ಊರಿಗೆ ಬಂದ ಭಾರೀ ಯಂತ್ರಗಳನ್ನೂ ಅಷ್ಟೇ ಪ್ರೀತಿಯಿಂದ ಬರೆದರು. ಅವರು ಬಿಡಿಸಿದ ತಿಮಿಂಗಿಲ ಕೆನಡಾದ 25 ಸೆಂಟಿನ ನಾಣ್ಯದ ಮೇಲೆ ಬಂತು.

ಪ್ರಿಯರೇ, ಇಷ್ಟು ದೂರದ ಕಥೆ ಇಲ್ಲಿ ಏಕೆ ಹೇಳಿದೆ?

ನಮ್ಮ ಬ್ಯಾಚಿನಲ್ಲಿ ಒಬ್ಬ ಗೆಳೆಯನಿದ್ದ. ಹೆಸರು ಹೇಳುವುದಿಲ್ಲ, ಇಲ್ಲೇ ಹಿಂದಿನ ಸಾಲಿನಲ್ಲಿ ಕೂತಿದ್ದಾನೆ, ನಾಚಿಕೊಳ್ಳುತ್ತಾನೆ. ವಿಜ್ಞಾನದ ಚಾರ್ಟುಗಳಲ್ಲಿ ಹೃದಯ, ಹೂವಿನ ಛೇದ, ಡೈನಮೋ ಎಲ್ಲವನ್ನೂ ಇಡೀ ತರಗತಿಗೆ ಬರೆದುಕೊಟ್ಟವನು ಅವನೇ. ಡ್ರಾಯಿಂಗ್ ಲೋಯರ್ ಗ್ರೇಡ್ ಪರೀಕ್ಷೆ ಪಾಸಾಗಿದ್ದ. ಹತ್ತನೇ ತರಗತಿಗೆ ಬಂದಾಗ ಡ್ರಾಯಿಂಗ್ ಪೀರಿಯಡ್ ಗಣಿತಕ್ಕೆ ಹೋಯಿತು. ಆಮೇಲೆ ಅವನು ಅಂಗಡಿ ಬೋರ್ಡು ಬರೆದ, ಲಾರಿ ಹಿಂದೆ ಹೂವು ನವಿಲು ಬರೆದ. ಫ್ಲೆಕ್ಸ್ ಬಂದಮೇಲೆ ಬ್ರಷ್ ಕೆಳಗಿಟ್ಟ. ಅವನ ಕೈಯನ್ನು ನೆನೆದಾಗಲೆಲ್ಲ, ನಮ್ಮೂರಿನಲ್ಲಿ ಅವನ ಚಿತ್ರವನ್ನು ಅಳೆದು ಕೊಳ್ಳುವ ಒಂದು ಡೈರಿ ಇದ್ದಿದ್ದರೆ ಎನ್ನಿಸುತ್ತದೆ. ಹಾಲಿಗೆ ಇದೆ, ರೇಷ್ಮೆ ಗೂಡಿಗೆ ಮಾರುಕಟ್ಟೆ ಇದೆ. ಅವನ ಕೈಯಲ್ಲಿದ್ದದ್ದಕ್ಕೆ ಇರಲಿಲ್ಲ. ಕಿಂಗೈಟ್‌ನ ಜನ ನಮಗಿಂತ ಹೆಚ್ಚು ಪ್ರತಿಭಾವಂತರೆಂದು ನಾನು ನಂಬುವುದಿಲ್ಲ. ಅಲ್ಲಿ ಕೇಳಿದವರಿಗೆ ಹಾಳೆ ಸಿಕ್ಕಿತು, ತಂದದ್ದನ್ನು ಕೊಂಡರು, ಜೋಪಾನವಾಗಿಟ್ಟರು, ಮೇಲೆ ಹೆಸರು ಹಾಕಿದರು. ಈ ನಾಲ್ಕು ಕೆಲಸ ಅರವತ್ತು ವರ್ಷ ತಪ್ಪದೆ ನಡೆದವು.

ನಮ್ಮ ಚಿತ್ರಕಲಾ ಮೇಷ್ಟ್ರು ನಿವೃತ್ತರಾಗಿ ಎಷ್ಟೋ ವರ್ಷವಾಯಿತು. ಆ ಜಾಗ ತುಂಬಿಸಲು ಊರಿನವರೆಲ್ಲ ಸೇರಿ ಅರ್ಜಿ ಕೊಡೋಣ. ಅದು ಆಗುವವರೆಗೆ ಕಾಯುವುದು ಬೇಡ. 2004ರ ಬ್ಯಾಚಿನ ನಾವು ಹನ್ನೊಂದು ಜನ ಮಾತನಾಡಿಕೊಂಡಿದ್ದೇವೆ. ಮುಂದಿನ ಐದು ವರ್ಷ ಪ್ರತಿ ಜೂನ್ ತಿಂಗಳಲ್ಲಿ ಶಾಲೆಗೆ ಡ್ರಾಯಿಂಗ್ ಹಾಳೆ, ಪೆನ್ಸಿಲು, ಬಣ್ಣ ತಂದುಕೊಡುತ್ತೇವೆ. ಕೇಳಿದ ಪ್ರತಿ ಮಗುವಿಗೂ ಕೊಡಬೇಕು. ‘ನೀನು ಚೆನ್ನಾಗಿ ಬರೆಯುತ್ತೀಯಾ’ ಎಂದು ಮೊದಲು ಕೇಳಬಾರದು. ಸ್ತ್ರೀಶಕ್ತಿ ಸಂಘದ ತಾಯಂದಿರು ಕೇಳಿದರೂ ಕೊಡೋಣ. ಬರೆದದ್ದರ ಮೇಲೆ ಹೆಸರು, ತಾರೀಖು ಹಾಕಿ ಒಂದು ಬೀರುವಿನಲ್ಲಿ ಇಡೋಣ. ಅವನ್ನು ಫೋಟೋ ತೆಗೆದು ಕಂಪ್ಯೂಟರಿನಲ್ಲಿ ಜೋಡಿಸುವ ಕೆಲಸ ನನ್ನದು. ವರ್ಷಕ್ಕೊಮ್ಮೆ, ಜಾತ್ರೆಯ ಸಮಯದಲ್ಲಿ, ಇದೇ ಹಾಲಿನಲ್ಲಿ ತೂಗುಹಾಕಿ ಬೆಲೆ ಬರೆದಿಡೋಣ. ಐವತ್ತೋ ನೂರೋ ರೂಪಾಯಿ ಕೊಟ್ಟು ನಾವೇ ಕೊಳ್ಳೋಣ. ಗೃಹಪ್ರವೇಶಕ್ಕೆ ಗೋಡೆ ಗಡಿಯಾರ ಕೊಡುವ ಬದಲು ನಮ್ಮ ಶಾಲೆಯ ಮಗು ಬರೆದ ಚಿತ್ರಕ್ಕೆ ಫ್ರೇಮ್ ಹಾಕಿಸಿ ಕೊಡೋಣ. ಹಿಂದಿನ ಸಾಲಿನಲ್ಲಿರುವ ನನ್ನ ಗೆಳೆಯ ಶನಿವಾರ ಬೆಳಿಗ್ಗೆ ಬಂದು ಹೇಳಿಕೊಡಲು ಒಪ್ಪಿದ್ದಾನೆ.

ಮಕ್ಕಳೇ, ನಿಮಗೊಂದು ಮಾತು. ಎರಡು ಬೆಟ್ಟ, ನಡುವೆ ಸೂರ್ಯ, ಒಂದು ತೆಂಗಿನ ಮರ, ಒಂದು ಗುಡಿಸಲು, ಇದನ್ನು ನಾವೆಲ್ಲ ಬರೆದಿದ್ದೇವೆ. ಅದು ನಮ್ಮೂರಲ್ಲ. ನಮ್ಮೂರನ್ನು ಬರೆಯಿರಿ. ಕೋಡಿ ಬಿದ್ದ ಕೆರೆ, ಬತ್ತಿದ ಕೆರೆ, ರಾತ್ರಿ ಬಂದ ಬೋರ್‌ವೆಲ್ ಲಾರಿ, ಡೈರಿ ಮುಂದಿನ ಸಾಲು, ಮೊಬೈಲ್ ಹಿಡಿದ ಅಜ್ಜಿ, ಸಂತೆಯಿಂದ ಖಾಲಿ ಕೈಯಲ್ಲಿ ಬಂದ ಅಪ್ಪ. ಮನೆಯಲ್ಲಿ ಜಗಳ ನಡೆದಿದ್ದರೆ ಅದನ್ನೂ ಬರೆಯಿರಿ. ಗುರುಗಳು ಬೈಯುವುದಿಲ್ಲ, ನಾನು ಕೇಳಿಕೊಂಡಿದ್ದೇನೆ.

ನಿಮ್ಮಲ್ಲಿ ಇಂಜಿನಿಯರ್ ಆಗುವವರು ಆಗಿ, ತುಂಬಾ ಸಂತೋಷ. ಬಿ.ಇ. ಸೀಟು ಸಿಕ್ಕಿತು ಎಂದು ನನಗೆ ಇದೇ ವೇದಿಕೆಯಲ್ಲಿ ಹಾರ ಹಾಕಿದ್ದಿರಿ, ಅದನ್ನು ಮರೆತಿಲ್ಲ. ಐವತ್ತು ವರ್ಷದಲ್ಲಿ ಈ ಶಾಲೆ ಬಹಳ ಜನರನ್ನು ಹೊರಗೆ ಕಳುಹಿಸಿದೆ. ಅವರ ಫೋಟೋಗಳು ಈ ಸಂಚಿಕೆಯ ತುಂಬಾ ಇವೆ. ಊರಲ್ಲೇ ಉಳಿದವರ ಕೈಯಲ್ಲಿ ಏನಿದೆ ಎಂದು ನೋಡುವ ಕೆಲಸವನ್ನು ಮುಂದಿನ ಐವತ್ತು ವರ್ಷದಲ್ಲಿ ಮಾಡೋಣ. ವಜ್ರ ಮಹೋತ್ಸವಕ್ಕೆ ಇನ್ನು ಹತ್ತು ವರ್ಷವಿದೆ. ಆ ಸಂಚಿಕೆಯ ಮುಖಪುಟದ ಚಿತ್ರ ಬರೆಯುವ ಮಗು ಈಗ ಈ ಸಭೆಯಲ್ಲೇ ಎಲ್ಲೋ ಚಾಪೆ ಮೇಲೆ ಕೂತು, ಈ ಅಣ್ಣ ಯಾವಾಗ ಮಾತು ಮುಗಿಸುತ್ತಾನೋ, ಊಟ ಯಾವಾಗಲೋ ಎಂದು ಕಾಯುತ್ತಿದೆ. ಅದಕ್ಕೆ ಇನ್ನು ಕಾಯಿಸುವುದಿಲ್ಲ.